ಮಣ್ಣಿನ ರಸೀದಿ

ಅರ್ಜಿಯ ಒಂಬತ್ತನೇ ಕಲಮಿನಲ್ಲಿ ಕೇಳಿದ್ದರು:
ಕಚ್ಚಾ ಸಾಮಗ್ರಿ. ದರಪಟ್ಟಿ ಲಗತ್ತಿಸಿ.
ಖಾನಾಪುರದ ಬಿಸಿಲಲ್ಲಿ ಕಾಗದ ಹಿಡಿದು
ಭರಮಾಣಿಯ ಅಂಗಳಕ್ಕೆ ಹೋದೆ. ಮಣ್ಣಿಗೇನು ದರ?
ಗಡಿಗೆಯ ಬೆನ್ನು ತಟ್ಟುವ ಹಲಗೆ ನಿಲ್ಲಲಿಲ್ಲ.
"ಹೊತ್ತು ತರೂ ಟ್ರಾಲಿಗೆ ಬಾಡಿಗಿ ಐತ್ರಿ ಮಾಸ್ತರ.
ಮಣ್ಣಿಗೆ ದರ ಹಚ್ಚೂದು ಸತ್ತಮ್ಯಾಲ,
ಅದೂ ಆರ ಮೂರ ಅಡಿಗೆ."

ಯೋಜನೆ ಓದಿ ಹೇಳಿದೆ:
ಜಪಾನಿನ ಚಹಾ ಬಟ್ಟಲು. ತಿಗರಿ ಇಲ್ಲ, ಬರೀ ಬೆರಳು.
ಹನ್ನೆರಡು ರವಿವಾರ, ಇಪ್ಪತ್ತು ಜನ,
ಒಂದು ಲಕ್ಷ ನಲವತ್ತು ಸಾವಿರ, ಮೂರು ಕಂತು.
ಕಲಿಸುವವಳು ಸುಲಭಾ ಕಡೋಲಕರ,
ಅಲ್ಲಿಯ ಯಾವುದೋ ಗುಡ್ಡದೂರಲ್ಲಿ ನಾಲ್ಕು ವರುಷ
ಗುರುವಿನ ಆವಿಗೆಗೆ ಕಟ್ಟಿಗೆ ಒಡೆದು ಬಂದವಳು.
ಶರತ್ತು ಒಂದೇ, ದಪ್ಪಕ್ಷರದಲ್ಲಿ:
ಕಲಿಯುವವರಿಗೆ ಪೂರ್ವಾನುಭವ ಇರಕೂಡದು.

ಹಲಗೆ ಆಗ ನಿಂತಿತು.
"ಬಟ್ಟಲಾ ಹ್ಯಾಂಗಿರತಾವ?"
ಚಿತ್ರ ತೋರಿಸಿದೆ. ಕಿವಿಯಿಲ್ಲ, ಕಂಠವಿಲ್ಲ,
ಒಂದು ಮಗ್ಗುಲು ಜೋತು ಬಿದ್ದಿದೆ,
ನಿದ್ದೆಗಣ್ಣಲ್ಲಿ ಎದ್ದು ಕೂತ ಕೂಸಿನ ಹಾಗೆ.
"ಇಂಥಾದ್ದಾದ್ರ ನಮ್ಮಪ್ಪ ತುಳದು
ಮತ್ತ ಮಣ್ಣಿಗೇ ಕೂಡಸ್ತಿದ್ದ.
ಇದನ್ನ ಮಾಡಾಕ ನನಗೆಲ್ಲಿ ಬರತೈತಿ?
ನನ್ನ ಹೆಸರೂ ಬರೀರಿ."

ಬರೆದೆ. ಭರಮಾಣಿ ಸಿದರಾಯಿ ಕುಂಬಾರ, ಅರವತ್ತೆಂಟು.
ಅನುಭವ: ಇಲ್ಲ.
ಮೂವತ್ತೊಂದು ವರ್ಷ ಹುಡುಗರ ಸುಳ್ಳು ಹಿಡಿದ ಕೈ
ಆ ಎರಡಕ್ಷರಕ್ಕೆ ನಡುಗಲಿಲ್ಲ. ನಗು ಬಂತು ಅಷ್ಟೆ.

ಬೀಗ ಬಿದ್ದ ಹಂಚಿನ ಕಾರ್ಖಾನೆಯ ಶೆಡ್ಡು.
ಕಂಡಕ್ಟರ್ ಜೋತಿಬಾ
ಮಣ್ಣನ್ನೂ ಚಿಲ್ಲರೆಯಂತೆ ಎಣಿಸಿ ಹಿಡಿದ.
ಫಿಲೊಮಿನಾಬಾಯಿ ಚಪಾತಿ ಕಣಕದ ಹಾಗೆ ನಾದಿ
ಮೊದಲ ದಿನವೇ ಶಹಬ್ಬಾಸ್ ಗಳಿಸಿದಳು.
ಆರನೇ ಇಯತ್ತೆಯ ಖೈರುನ್ನಿಸಾಳ ಬಟ್ಟಲು
ಕುಂತಲ್ಲೇ ಸೊಟ್ಟಗಾಗಿ, ಕುಂತಲ್ಲೇ ಚೆಂದವಾಯಿತು.
ಭರಮಾಣಿಯದು ಮಾತ್ರ ದುಂಡಗೆ.
ಹಿಂಡಿದರೆ ದುಂಡಗೆ, ಚಿವುಟಿದರೆ ದುಂಡಗೆ,
ಎಡಗೈಯಲ್ಲಿ ಮಾಡಿದರೂ
ಯಾರಿಗೂ ಕಾಣದ ತಿಗರಿಯೊಂದು
ಮಣಿಕಟ್ಟಿನೊಳಗೆ ಸುತ್ತುತ್ತಲೇ ಇತ್ತು.
ಐದು ರವಿವಾರ. ಐದೂ ಸಲ ಸುಲಭಾ ತಿರುವಿ ನೋಡಿ,
"ಕಾಕಾ, ಇನ್ನೂ ಭಾಳ ಬರತೈತಿ ನಿಮಗ" ಅಂದಳು.
ಬೈಗುಳ ತಿಂದವನ ಹಾಗೆ ಆತ ಸೈಕಲ್ ಹತ್ತಿದ.

ಎಂಟನೆಯ ವಾರ, ಸಂಜೆ ಏಳಕ್ಕೆ, ಕರೆಂಟು ಹೋಯಿತು.
ಯಾರೂ ಏಳಲಿಲ್ಲ, ಯಾರೂ ಮಾತಾಡಲಿಲ್ಲ.
ಒದ್ದೆ ಮಣ್ಣಿನ ಸಣ್ಣ ಸದ್ದು. ದೂರ
ಲೋಂಡಾ ಕಡೆಯ ಗಾಡಿ.
ದೀಪ ಬಂದಾಗ ಅವನ ಬೊಗಸೆಯಲ್ಲಿ
ಎಂದೋ ಮುರಿದು ಓರೆಯಾಗಿ ಕೂಡಿದ
ಹೆಬ್ಬೆರಳಿನ ಗುಳಿ ಹೊತ್ತ ಒಂದು ಬಟ್ಟಲು.
ಆ ಗುಳಿಯಲ್ಲಿ ಬೇರೆ ಬೆರಳು ಕೂರುವುದಿಲ್ಲ.
ನಾವೆಲ್ಲ ಸರದಿಯಲ್ಲಿ ಇಟ್ಟು ನೋಡಿದೆವು.

ಹಸಿರು ಚಹಾದ ಪುಡಿಗೆ ಬಜೆಟ್ ಇರಲಿಲ್ಲ.
ಕೊನೆಯ ದಿನ ಬಸ್‌ಸ್ಟ್ಯಾಂಡಿನ ಕಡಕ್ ಚಹಾ ತರಿಸಿ
ಎರಡೂ ಕೈಯಲ್ಲಿ ಹಿಡಿದು ಬೆರಳು ಸುಟ್ಟುಕೊಂಡೆವು.
"ಬಶಿ ಇಲ್ಲೇನ?" ಅಂದ ಭರಮಾಣಿ.

ಮಾರ್ಚಿನಲ್ಲಿ ಲೆಕ್ಕದವರ ಪತ್ರ:
ಮಣ್ಣು, ಸಾವಿರದ ನೂರೈವತ್ತು, ರಸೀದಿ ಇಲ್ಲ.
ಟ್ರಾಲಿಯ ಹುಡುಗ ರಸೀದಿ ಎಂಬುದನ್ನೇ ಕಂಡವನಲ್ಲ.
ಭರಮಾಣಿ ಅಂಗೈಯಗಲದ ಬಿಲ್ಲೆ ತಟ್ಟಿ,
ಹೆಬ್ಬೆರಳೊತ್ತಿ, ಸುಟ್ಟು, ಕೈಗಿಟ್ಟ:
"ಮುಟ್ಟೈತಿ ಅಂತ ಹೇಳ್ರಿ."
ಕಚೇರಿ ಒಪ್ಪಲಿಲ್ಲ.
ಫೈಲಿಗೆ ಹಾಕಲು ತೂತು ಹೊಡೆಯಲಾಗುವುದಿಲ್ಲವಂತೆ.
ಪಿಂಚಣಿಯಿಂದ ನಾನೇ ತುಂಬಿದೆ, ಮನೆಯಾಕೆಗೆ ಹೇಳಿಲ್ಲ.

ಬಿಲ್ಲೆ ಈಗ ನನ್ನ ಕಿಟಕಿಯ ಕಟ್ಟೆಯ ಮೇಲಿದೆ,
ಮುಂದಿನ ವರ್ಷದ ಅರ್ಜಿಯ ಮೇಲೆ,
ಗಾಳಿಗೆ ಹಾರದಂತೆ.